ಬೈಕನ್ನು ಕೆಡಿಸುವುದು ಕೆಸರಲ್ಲ, ವಾಟರ್ ಸರ್ವಿಸ್

ಮಳೆಗಾಲ ಹಿಡಿಯಿತೆಂದರೆ ಶನಿವಾರ ಬೆಳಗ್ಗೆ ಬೆಂಗಳೂರಿನ ಬೈಕುಗಳೆಲ್ಲ ನಮ್ಮ ಸಕಲೇಶಪುರದ ಕಡೆಗೆ ಮುಖ ಮಾಡುತ್ತವೆ. ಭಾನುವಾರ ಮಧ್ಯಾಹ್ನ ಅವೇ ಬೈಕುಗಳು ನಂಬರ್ ಪ್ಲೇಟೂ ಕಾಣದಷ್ಟು ಕೆಸರು ಮೆತ್ತಿಕೊಂಡು ಹೆದ್ದಾರಿ ಬದಿಯ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಸಾಲು ನಿಂತಿರುತ್ತವೆ. ಎಂಜಿನ್ ಇನ್ನೂ ಬಿಸಿ. ಹುಡುಗ ನೀರು ಚಿಮ್ಮುವ ಗನ್ ಹಿಡಿದು ಚಕ್ರದ ನಡುವಿಗೇ ಗುರಿಯಿಟ್ಟು ಹೊಡೆಯುತ್ತಾನೆ. ಹತ್ತು ನಿಮಿಷದಲ್ಲಿ ಗಾಡಿ ಫಳಫಳ. ಮಾಲೀಕ ಸಂತೋಷದಿಂದ ಫೋಟೊ ತೆಗೆದುಕೊಂಡು ಹೊರಡುತ್ತಾನೆ. ಎರಡು ದಿನ ಕಾಡುರಸ್ತೆಯಲ್ಲಿ ಆಗದ ಕೇಡು ಆ ಹತ್ತು ನಿಮಿಷದಲ್ಲಿ ಆಗಿರುತ್ತದೆ ಎಂದರೆ ಯಾರೂ ನಂಬುವುದಿಲ್ಲ.

ಆ ಹುಡುಗನನ್ನು ದೂರುತ್ತಿಲ್ಲ. ಜೀಪು, ಪಿಕಪ್‌ಗಳ ಅಡಿಭಾಗಕ್ಕೆ ಆ ಗನ್ ಸರಿಯಾಗಿಯೇ ಇದೆ. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿಯ ಒತ್ತಡ 30 ಪಿಎಸ್ಐ ಆಸುಪಾಸು. ಮನೆಬಳಕೆಗೆಂದು ಮಾರುವ ಪುಟ್ಟ ಪ್ರೆಷರ್ ವಾಷರ್ ಕೂಡ 100 ಬಾರ್, ಅಂದರೆ ಸುಮಾರು 1450 ಪಿಎಸ್ಐ ಒತ್ತಡದಲ್ಲಿ ನೀರು ಉಗುಳುತ್ತದೆ. ಚಕ್ರದ ಬೇರಿಂಗಿಗಿರುವ ರಬ್ಬರ್ ಸೀಲಿನ ಕೆಲಸ ಒಳಗಿನ ಗ್ರೀಸು ಹೊರಬರದಂತೆ, ಹೊರಗಿನ ಧೂಳು ಒಳಹೋಗದಂತೆ ನೋಡಿಕೊಳ್ಳುವುದು, ಅಷ್ಟೇ. ಮಳೆಯನ್ನು ಅದು ತಡೆಯುತ್ತದೆ, ಹಳ್ಳ ದಾಟಿದರೂ ಹೇಗೋ ತಡೆದುಕೊಳ್ಳುತ್ತದೆ. ಒಂದು ಗೇಣು ದೂರದಿಂದ ನೇರವಾಗಿ ಬಡಿಯುವ ಆ ನೀರನ್ನು ತಡೆಯಲಾರದು. ಚಕ್ರದ ನಡುವಿನ ಬಿಸಿಯಾದ ಹಬ್ ತಣ್ಣೀರು ಬಿದ್ದು ತಣಿಯುವಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಸೀಲಿನ ಸಂದಿಯಿಂದ ಒಳಹೋದ ನೀರಿಗೆ ಮತ್ತೆ ಹೊರಬರುವ ದಾರಿಯಿಲ್ಲ.

ತಂಗಿಯ ಮಗ ತನ್ನ ಎಕ್ಸ್‌ಪಲ್ಸ್ ಬೈಕಿನ ಹಿಂಚಕ್ರದಲ್ಲಿ ಗರಗರ ಸದ್ದು ಬರುತ್ತಿದೆ ಎಂದು ಗಾಡಿಯನ್ನು ನಮ್ಮ ಶೆಡ್ಡಿಗೆ ತಂದಿದ್ದ. ಚಕ್ರ ಬಿಚ್ಚಿ ಬೇರಿಂಗಿನ ಸೀಲನ್ನು ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿದೆವು. ಗ್ರೀಸು ಮಜ್ಜಿಗೆ ಕಲಸಿದಂತೆ ಬಿಳಿಚಿ ಹರಿಯುತ್ತಿತ್ತು. ಒರೆಸಿ ನೋಡಿದರೆ ಬೇರಿಂಗಿನೊಳಗಿನ ಗುಂಡುಗಳ ಮೈಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ತುಕ್ಕಿನ ಕುಳಿಗಳು. "ಪ್ರತಿ ಸಲ ತಪ್ಪದೆ ಸರ್ವಿಸ್ ಮಾಡಿಸುತ್ತೇನಲ್ಲ ಮಾವ" ಎಂದ. "ಅದಕ್ಕೇ ಹೀಗಾಗಿದೆ ಮಾರಾಯ" ಎಂದೆ. ಅವನಿಗೆ ಸಿಟ್ಟು ಬಂತು, ಬರಲಿ.

ಹಾಗಾದರೆ ತೊಳೆಯುವುದು ಹೇಗೆ? ನಿಧಾನವಾಗಿ, ತೋಟದ ಮಾಮೂಲಿ ಪೈಪಿನಲ್ಲಿ. ಮೊದಲು ಎಂಜಿನ್ ಆರಬೇಕು, ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಗಾಡಿಯನ್ನು ಪೂರ್ತಿ ನೆನೆಸಿ ಬಿಟ್ಟುಬಿಡಿ. ನಮ್ಮ ಕಡೆಯ ಕೆಂಪು ಜೇಡಿ ಒಣಗಿದರೆ ಗಾರೆಯೇ ಸರಿ, ನೆನೆದರೆ ತಾನಾಗಿ ಜಾರುತ್ತದೆ. ಒಣಗಿದ ಕೆಸರನ್ನು ಬಟ್ಟೆಯಿಂದ ಉಜ್ಜಬಾರದು, ಅದರಲ್ಲಿರುವ ಮರಳಿನ ಕಣಗಳು ಪ್ಲಾಸ್ಟಿಕ್ಕಿನ ಮೇಲೆಲ್ಲ ಗೀರು ಎಳೆಯುತ್ತವೆ. ಮಡ್‌ಗಾರ್ಡಿನ ಒಳಗೆ, ಎಂಜಿನ್ ಅಡಿಯ ಸ್ಕಿಡ್ ಪ್ಲೇಟಿನ ಸಂದಿಯಲ್ಲಿ ಕೂತ ಮುದ್ದೆ ತೆಗೆಯಲು ಅಡಿಕೆ ಮರ ಸೀಳಿದ ದಬ್ಬೆಯ ಚೂರಿಗಿಂತ ಒಳ್ಳೆಯ ಸಲಕರಣೆಯನ್ನು ನಾನು ಕಂಡಿಲ್ಲ. ಗಟ್ಟಿಯಾಗಿದೆ, ಬೇಕಾದ ಹಾಗೆ ಚೂಪು ಮಾಡಬಹುದು, ಬಣ್ಣ ಕೆರೆಯುವುದಿಲ್ಲ. ಆನ್‌ಲೈನಿನಲ್ಲಿ ಇದೇ ಕೆಲಸಕ್ಕೆ ಬಣ್ಣಬಣ್ಣದ ಕಿಟ್‌ಗಳನ್ನು ಮಾರುತ್ತಾರೆ. ಕೊಳ್ಳುವವರು ಕೊಳ್ಳಲಿ.

ಗಾಳಿಯಿಂದ ತಣಿಯುವ ಎಂಜಿನ್ ಆದರೆ ಅದರ ರೆಕ್ಕೆಗಳ ನಡುವಿನ ಕೆಸರನ್ನು ಬಿಡಲೇಬಾರದು. ಎಂಜಿನ್ ತನ್ನ ಶಾಖವನ್ನು ಹೊರಹಾಕುವುದೇ ಆ ಸಂದಿಗಳಲ್ಲಿ. ಹಿಮಾಲಯನ್ 450 ಬೈಕಿನಂತೆ ಎಂಜಿನ್ ತಣಿಸುವ ರೇಡಿಯೇಟರ್ ಇದ್ದರೆ ಇನ್ನೂ ಜಾಗರೂಕತೆ ಬೇಕು. ಆ ತೆಳು ಅಲ್ಯೂಮಿನಿಯಂ ಎಲೆಗಳು ಗನ್ನಿನ ಏಟಿಗೆ ಮಡಚಿಕೊಂಡರೆ ಗಾಳಿಯೇ ದಾಟುವುದಿಲ್ಲ.

ಸುಸ್ತಾಗಿದೆ, ನಾಳೆ ತೊಳೆಯುತ್ತೇನೆ ಎನ್ನುವವರಿಗೆ ನನ್ನ ತಕರಾರಿಲ್ಲ. ಆದರೆ ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗಳೆರಡನ್ನೂ ಅವತ್ತೇ ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿ ಕೆಸರು ಒಣಗಿದರೆ ಮರುದಿನ ಮೊದಲ ಗುಂಡಿಯಲ್ಲೇ ಆ ಹೊಪ್ಪಳೆ ಸೀಲಿನೊಳಗೆ ಹೋಗಿ ಅದನ್ನು ಗೀರುತ್ತದೆ. ಆಮೇಲೆ ಎಣ್ಣೆ ಸೋರತೊಡಗುತ್ತದೆ. ಏರ್ ಫಿಲ್ಟರನ್ನೂ ತೆರೆದು ನೋಡಿ. ಸ್ಪಂಜಿನ ಫಿಲ್ಟರನ್ನು ತೊಳೆದು, ಒಣಗಿಸಿ, ಎಣ್ಣೆ ಸವರಿ ಮತ್ತೆ ಹಾಕಬಹುದು. ಕಾಗದದ್ದನ್ನು ತೊಳೆಯುವ ಹಾಗಿಲ್ಲ, ಒದ್ದೆಯಾಗಿದ್ದರೆ ಬದಲಿಸುವುದೇ ದಾರಿ.

ಇನ್ನು ಡೀಸೆಲ್ ಸ್ಪ್ರೇ. ತೊಳೆದ ಮೇಲೆ ಹೊಳಪಿಗೆಂದು ಇಡೀ ಗಾಡಿಗೆ ಡೀಸೆಲ್ ಚಿಮುಕಿಸುವ ಈ ಪದ್ಧತಿಯನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ನನಗಂತೂ ನೋಡಿದರೆ ಮೈ ಉರಿಯುತ್ತದೆ. ಅದರ ತುಂತುರು ಡಿಸ್ಕಿನ ಮೇಲೆ, ಬ್ರೇಕ್ ಪ್ಯಾಡಿನ ಮೇಲೆ ಕೂರುತ್ತದೆ, ಬ್ರೇಕ್ ಜಾರುತ್ತದೆ. ಗಿರಾಕಿ ಅಲ್ಲಿಂದ ನೇರವಾಗಿ ಹೋಗುವುದು ಹೆದ್ದಾರಿಗೆ! ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಒಳಮಗ್ಗುಲಿಗೆ ಚೈನ್ ಲ್ಯೂಬ್ ಹಾಕಿದರೆ ಸಾಕು. ಪೆಟ್ರೋಲೂ ಬೇಡ, ತಂತಿ ಬ್ರಷ್ಷೂ ಬೇಡ. ಚೈನಿನ ಕೊಂಡಿಗಳ ನಡುವಿನ ರಬ್ಬರ್ ಓ-ರಿಂಗುಗಳನ್ನು ಅವು ಹಾಳುಮಾಡುತ್ತವೆ.

ನಮ್ಮ ತೋಟದವರಿಗೂ ಒಂದು ಮಾತು. ತೋಟಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನೇ ತಂದು ಬೈಕು ತೊಳೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪೈಪಿನಲ್ಲಿ ಉಳಿದ ಮೈಲುತುತ್ತದ ನೀರು ಅಲ್ಯೂಮಿನಿಯಂ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ಒತ್ತಡದ ಕಾಟದ ಜೊತೆಗೆ ಇದೊಂದು ಉಚಿತ.

ಎಲ್ಲಿ ತೊಳೆಯಬೇಕೆಂಬುದರ ಬಗ್ಗೆ ನನಗಿರುವ ಹಟ ಹೇಗೆ ತೊಳೆಯಬೇಕೆಂಬ ಹಟಕ್ಕಿಂತ ದೊಡ್ಡದು. ಹಳ್ಳದೊಳಗೆ ಗಾಡಿ ಇಳಿಸಿ ಚೈನಿನ ಎಣ್ಣೆಯನ್ನು ನೀರಿಗೆ ಬಿಡುವವರ ಬಗ್ಗೆ ಹೇಳುವುದೇನೂ ಉಳಿದಿಲ್ಲ, ಕೆಳಗಿನ ಮನೆಯವರು ಕುಡಿಯುವುದು ಅದೇ ನೀರು. ನಾನು ಹೇಳಹೊರಟಿರುವುದು ಟೈರಿನ ಮಣ್ಣಿನ ವಿಷಯ. ಕಾಳುಮೆಣಸಿನ ಸೊರಗು ರೋಗಕ್ಕೆ ಕಾರಣವಾಗುವ ಫೈಟಾಫ್ತೊರಾ ಮಣ್ಣಿನಲ್ಲಿ ಬದುಕುವ ಜೀವಿ. ಮಳೆಗಾಲದ ಒದ್ದೆ ಮಣ್ಣು, ಹರಿಯುವ ನೀರು ಅದಕ್ಕೆ ಬಸ್ಸಿದ್ದ ಹಾಗೆ. ರೋಗ ಹತ್ತಿದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಒಣಗುತ್ತದೆ, ಬೆಳೆಸಲು ವರ್ಷಗಳು ಬೇಕು. ಒಂದು ತೋಟದ ಕೆಸರನ್ನು ಟೈರಿನ ಗುಬ್ಬಿಗಳಲ್ಲಿ ತುಂಬಿಕೊಂಡು ಇನ್ನೊಂದು ತೋಟದ ರಸ್ತೆಗೆ ಬರುವ ಬೈಕು ಏನನ್ನು ಹೊತ್ತು ತರುತ್ತಿದೆಯೋ ಯಾರು ಬಲ್ಲರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದೇ ಕುಲದ ಇನ್ನೊಂದು ಜೀವಿ ಕಾಡಿನ ಮರಗಿಡಗಳನ್ನು ಒಣಗಿಸುತ್ತಿದೆ. ಅಲ್ಲಿ ಕಾಡುದಾರಿಗಳ ಬಾಯಲ್ಲೇ ಬೂಟು ತಿಕ್ಕುವ ಬ್ರಷ್ಷುಗಳನ್ನಿಟ್ಟಿದ್ದಾರೆ, ವಾಹನಗಳ ಮಣ್ಣು ತೆಗೆದೇ ಮುಂದೆ ಹೋಗಿ ಎನ್ನುತ್ತಾರೆ. ನಮ್ಮಲ್ಲಿ ಹಾಗೆ ಹೇಳಿದರೆ "ಏನು ಸಾರ್, ಇಷ್ಟಕ್ಕೆಲ್ಲ" ಎನ್ನುತ್ತಾರೆ.

ಆದ್ದರಿಂದ ಎಲ್ಲಿಯ ಕೆಸರನ್ನು ಅಲ್ಲೇ ಉದುರಿಸಿ ಹೊರಡಿ. ಟೈರು, ಮಡ್‌ಗಾರ್ಡು, ಬೂಟಿನ ಅಡಿ, ಇಷ್ಟನ್ನಾದರೂ. ನಮ್ಮ ರಸ್ತೆಗೆ ಬರುವವರಿಗಾಗಿ ಗೇಟಿನ ಹೊರಗೇ ಬಕೆಟ್ಟು, ಬ್ರಷ್ಷು, ಒಂದು ಕಟ್ಟು ದಬ್ಬೆಚೂರು ಇಟ್ಟಿದ್ದೇನೆ. ಪೈಪು ಇದೆ. ಗನ್ ಇಲ್ಲ, ಕೇಳಬೇಡಿ.