ಕ್ಯಾಬಿನೆಟ್ ಬದಲಿಸಿ ಆಂಪ್‌ಗೆ ಮಾರ್ಕ್ಸ್ ಕೊಡಬೇಡಿ

ಈಗಷ್ಟೇ ನಾಲ್ಕು ಆಂಪ್ ಮಾಡೆಲರ್‌ಗಳ, ಅಂದರೆ ಗಿಟಾರ್ ಆಂಪ್ಲಿಫೈಯರಿನ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡುವ ಬಾಕ್ಸುಗಳ, ಹೋಲಿಕೆ ವಿಡಿಯೋ ಒಂದನ್ನು ಕೊನೆತನಕ ನೋಡಿದೆ. ತಲೆ ಕೆಟ್ಟುಹೋಗಿದೆ. ಬರೆಯದಿದ್ದರೆ ನಿದ್ದೆ ಬರಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಒಂದೇ ಗಿಟಾರು, ಒಂದೇ ರಿಫ್ (ಮತ್ತೆ ಮತ್ತೆ ನುಡಿಸುವ ಸಣ್ಣ ತುಣುಕು), ನಾಲ್ಕು ಬಾಕ್ಸು. ನಾಲ್ಕರಲ್ಲೂ ಮಾರ್ಷಲ್ ಜೆಸಿಎಂ800 ಥರದ ಆಂಪ್ ಮಾಡೆಲ್. ನಾಬ್‌ಗಳನ್ನೆಲ್ಲ ನಡುಮಧ್ಯಕ್ಕೆ ಇಟ್ಟು, 'ಈಗ ಎಲ್ಲರಿಗೂ ಒಂದೇ ನ್ಯಾಯ' ಅಂದರು. ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ ಮತ್ತು ಅದರ ಮುಂದಿನ ಮೈಕಿನ ನಕಲು) ಮಾತ್ರ ಬಾಕ್ಸ್ ಜೊತೆ ಬಂದದ್ದನ್ನೇ ಬಿಟ್ಟರು. ಒಂದರಲ್ಲಿ ವಿಂಟೇಜ್ 30 ಸ್ಪೀಕರ್, ಅದರ ಮುಂದೆ ಎಸ್‌ಎಂ57 ಮೈಕ್. ಇನ್ನೊಂದರಲ್ಲಿ ಗ್ರೀನ್‌ಬ್ಯಾಕ್ ಸ್ಪೀಕರ್, ಅದಕ್ಕೆ ರಿಬ್ಬನ್ ಮೈಕ್. ಉಳಿದೆರಡರಲ್ಲಿ ಏನಿತ್ತು ಅಂತ ತೋರಿಸಲೇ ಇಲ್ಲ. ಕೊನೆಗೆ ತೀರ್ಪು: ಮೊದಲನೆಯದು ಚುಚ್ಚುತ್ತದೆ, ಎರಡನೆಯದು ಬೆಚ್ಚಗಿದೆ, ಮೂರನೆಯದು ಥೇಟ್ ಟ್ಯೂಬ್ ಆಂಪ್ (ವ್ಯಾಕ್ಯೂಮ್ ಟ್ಯೂಬಿನ ನಿಜವಾದ ಆಂಪ್).

ಚುಚ್ಚಿದ್ದು ಮೈಕು! ಬೆಚ್ಚಗಿದ್ದದ್ದು ರಿಬ್ಬನ್ ಮೈಕು! ಮಾಡೆಲರ್ ಏನು ಮಾಡಿತು ಪಾಪ?

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಟ್ಯೂಬ್ ಆಂಪನ್ನೂ ನುಡಿಸುತ್ತೇನೆ, ಮಾಡೆಲರನ್ನೂ ನುಡಿಸುತ್ತೇನೆ. ಯಾವ ಕಂಪನಿಯ ಪರವಾಗಿಯೂ ವಾದ ಮಾಡುವ ಅಗತ್ಯ ನನಗಿಲ್ಲ. ನನ್ನ ತಕರಾರು ಒಂದೇ. ಆಂಪ್ ಹೋಲಿಸುತ್ತೇನೆ ಅಂತ ಹೇಳಿ ಸ್ಪೀಕರ್ ಹೋಲಿಸಬೇಡಿ.

ಗಿಟಾರ್ ಸ್ಪೀಕರ್ ಅನ್ನೋದು ದೊಡ್ಡ ಫಿಲ್ಟರ್. 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬಹಳ ಬೇಗ ಕೈಬಿಡುತ್ತದೆ. ಡಿಸ್ಟಾರ್ಷನ್ (ಆಂಪಿನಲ್ಲಿ ಸದ್ದು ಒಡೆಯುವುದು) ಹುಟ್ಟಿಸಿದ ಕೀರಲು ಸದ್ದನ್ನೆಲ್ಲ ತಡೆಯುವುದು ಅದೇ. ನಂಬಿಕೆ ಬರದಿದ್ದರೆ ನಿಮ್ಮ ಬಾಕ್ಸಿನಲ್ಲಿ ಕ್ಯಾಬಿನೆಟ್ ಬ್ಲಾಕ್ ಆಫ್ ಮಾಡಿ ಒಂದು ಕಾರ್ಡ್ ಹೊಡೆಯಿರಿ. ಎಷ್ಟೇ ದೊಡ್ಡ ಹೆಸರಿನ ಆಂಪ್ ಆಗಿರಲಿ, ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಕೇಳಿಸುತ್ತದೆ. ಇನ್ನು ಮೈಕು. ಸ್ಪೀಕರಿನ ನಟ್ಟನಡುವೆ ಇಟ್ಟ ಎಸ್‌ಎಂ57 ಅನ್ನು ಒಂದೆರಡು ಇಂಚು ಅಂಚಿನ ಕಡೆಗೆ ಸರಿಸಿ ನೋಡಿ. ಟ್ರೆಬಲ್ ಎಷ್ಟು ಇಳಿಯುತ್ತದೆ ಅಂದರೆ, ಎರಡು ಕಂಪನಿಗಳ ಮಾಡೆಲ್‌ಗಳ ನಡುವೆ ಅಷ್ಟು ವ್ಯತ್ಯಾಸ ಹುಡುಕಿದರೂ ಸಿಗಲ್ಲ.

ಇಂಪಲ್ಸ್ ರೆಸ್ಪಾನ್ಸ್, ಅಂದರೆ ನಾವೆಲ್ಲ ಐಆರ್ ಅನ್ನುವ ಫೈಲಿನಲ್ಲಿ ಇರುವುದು ಇದೇ ಸ್ಪೀಕರ್ ಮತ್ತು ಮೈಕಿನ ಗುಣ. ಸಾಮಾನ್ಯವಾಗಿ 48 ಕಿಲೋಹರ್ಟ್ಸ್‌ನಲ್ಲಿ 2048 ಸ್ಯಾಂಪಲ್, ಸುಮಾರು 43 ಮಿಲಿಸೆಕೆಂಡು. ಅಷ್ಟು ಪುಟ್ಟ ಫೈಲು. ಇವತ್ತು ಬರುವ ಹೆಚ್ಚಿನ ಮಾಡೆಲರ್‌ಗಳಲ್ಲಿ ನಮ್ಮದೇ ಐಆರ್ ಹಾಕಿಕೊಳ್ಳಬಹುದು. ನಾಲ್ಕಕ್ಕೂ ಒಂದೇ ಫೈಲ್ ಹಾಕಲು ಎಷ್ಟು ಹೊತ್ತು ಬೇಕು? ಅಷ್ಟೂ ಮಾಡದೆ ತೀರ್ಪು ಕೊಡುತ್ತಾರಲ್ಲ, ಅದಕ್ಕೇ ಸಿಟ್ಟು.

ಮೂರನೆಯದು ಯಾಕೆ ಗೆದ್ದಿತು ಅಂತ ತಿಳಿಯುವ ಹಟ ಬಂತು. ಆ ವಿಡಿಯೋದ ಆಡಿಯೋ ತೆಗೆದು ಲೌಡ್‌ನೆಸ್ ಮೀಟರ್ ಹಾಕಿದೆ. ಗೆದ್ದ ಬಾಕ್ಸಿನ ಭಾಗ ಉಳಿದವುಗಳಿಗಿಂತ ಹತ್ತಿರ ಹತ್ತಿರ 2 ಡೆಸಿಬೆಲ್ ಜಾಸ್ತಿ ಇತ್ತು. ಅಷ್ಟು ವ್ಯತ್ಯಾಸ ಇದ್ದರೆ ನಮಗೆ 'ಜೋರಾಗಿದೆ' ಅನ್ನಿಸಲ್ಲ, 'ಚೆನ್ನಾಗಿದೆ' ಅನ್ನಿಸುತ್ತದೆ. ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸಲ್ಲ, ತೀರಾ ಮೇಲಿನ ಟ್ರೆಬಲ್ ಕೂಡ ಅಷ್ಟೇ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದರ ಗ್ರಾಫ್ ಹಾಕಿ ತೋರಿಸಿದ್ದಾರೆ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಸಾಕು, ಸೌಂಡು ತುಂಬಿಕೊಂಡ ಹಾಗೆ ಅನ್ನಿಸುತ್ತದೆ. ಯೂಟ್ಯೂಬ್ ತಾನಾಗಿಯೇ ವಾಲ್ಯೂಮ್ ಸರಿ ಮಾಡುತ್ತದಲ್ಲ ಅನ್ನಬೇಡಿ. ಅದು ಇಡೀ ವಿಡಿಯೋಗೆ ಒಂದೇ ಲೆಕ್ಕ ಹಾಕುತ್ತದೆ. ಒಳಗಿನ ತುಣುಕುಗಳ ನಡುವಿನ ಏರುಪೇರು ಹಾಗೇ ಉಳಿಯುತ್ತದೆ.

ನಾಬ್‌ಗಳನ್ನು ನಡುಮಧ್ಯಕ್ಕೆ ಇಟ್ಟದ್ದನ್ನು ನ್ಯಾಯ ಅನ್ನೋದೂ ತಪ್ಪು. ಜೆಸಿಎಂ800 ಅಂದರೆ ಒಂದೇ ಆಂಪ್ ಅಲ್ಲ. 2203 ಅನ್ನೋದು 100 ವಾಟಿನದು, 2204 ಅನ್ನೋದು 50 ವಾಟಿನದು. ಒಬ್ಬರು ಅದನ್ನು ಮಾಡೆಲ್ ಮಾಡಿರುತ್ತಾರೆ, ಇನ್ನೊಬ್ಬರು ಇದನ್ನು. ಒಂದೇ ಮಾದರಿಯ ಎರಡು ಹಳೆಯ ಆಂಪ್ ಪಕ್ಕಪಕ್ಕ ಇಟ್ಟರೂ ಪಾಟ್‌ಗಳು (ನಾಬಿನ ಹಿಂದಿನ ರೆಸಿಸ್ಟರ್‌ಗಳು) ಒಂದೇ ಥರ ತಿರುಗಲ್ಲ. ಒಂದರ 5 ಇನ್ನೊಂದರ 6 ಆಗಿರುತ್ತದೆ. ನಾಬಿನ ಗೆರೆ ನೋಡಿ ಸರಿಹೊಂದಿಸಿದರೆ ಏನೂ ಹೊಂದಲ್ಲ. ಸದ್ದು ಎಷ್ಟು ಒಡೆಯುತ್ತಿದೆ ಅಂತ ಕೇಳಿ, ಗೇನ್ (ಸದ್ದು ಒಡೆಯುವ ಮಟ್ಟ) ಕಿವಿಯಿಂದಲೇ ಹೊಂದಿಸಬೇಕು.

ಇನ್‌ಪುಟ್ ಲೆವೆಲ್ ಬಗ್ಗೆ ಯಾರೂ ಮಾತೇ ಆಡಲ್ಲ. ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಇಂಟರ್‌ಫೇಸ್ 12 ಡಿಬಿಯು (ಸಿಗ್ನಲ್ ಮಟ್ಟದ ಅಳತೆ) ಬಂದಾಗ ತುಂಬಿಹೋಗುತ್ತದೆ, ಇನ್ನೊಂದು 20 ಡಿಬಿಯು ತನಕ ತಾಳುತ್ತದೆ ಅಂತಿಟ್ಟುಕೊಳ್ಳಿ. ಅದೇ ಗಿಟಾರಿನ ಸಿಗ್ನಲ್ ಪ್ಲಗಿನ್‌ಗೆ, ಅಂದರೆ ಕಂಪ್ಯೂಟರಿನ ಆಂಪ್ ಸಾಫ್ಟ್‌ವೇರಿಗೆ, 8 ಡೆಸಿಬೆಲ್ ವ್ಯತ್ಯಾಸದಲ್ಲಿ ತಲುಪುತ್ತದೆ. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಪ್ಲಗಿನ್‌ನಲ್ಲಿ ಅದೇ ಕ್ಯಾಪ್ಚರ್ (ನಿಜವಾದ ಆಂಪಿನಿಂದ ತೆಗೆದ ಅಚ್ಚು) ಒಬ್ಬರಿಗೆ ಸ್ವಲ್ಪ ಒಡೆದ ಕ್ರಂಚ್, ಇನ್ನೊಬ್ಬರಿಗೆ ಪೂರ್ತಿ ಒಡೆದ ಲೀಡ್. ಆಮೇಲೆ 'ಈ ಕ್ಯಾಪ್ಚರ್ ಸರಿ ಇಲ್ಲ' ಅಂತ ಬರೆಯುತ್ತಾರೆ.

ಹಾಗಾದರೆ ಮಾಡೆಲರ್‌ಗಳಲ್ಲಿ ವ್ಯತ್ಯಾಸವೇ ಇಲ್ಲವಾ? ಇದೆ, ಬೇಕಾದಷ್ಟಿದೆ. ಅದನ್ನು ತೋರಿಸಲಿಲ್ಲ ಅನ್ನೋದೇ ನನ್ನ ಸಂಕಟ. 1998ರಲ್ಲಿ ಕೆಂಪು ಬಣ್ಣದ ಪಾಡ್ ಅನ್ನುವ ಮಾಡೆಲರ್ ಬಂದಾಗ ಯಾವುದು ಡಿಜಿಟಲ್ ಅಂತ ಸುಲಭವಾಗಿ ಗೊತ್ತಾಗುತ್ತಿತ್ತು. ಆಮೇಲೆ 2006ರಲ್ಲಿ ಆ್ಯಕ್ಸ್-ಎಫ್‌ಎಕ್ಸ್, 2011ರಲ್ಲಿ ಕೆಂಪರ್, 2015ರಲ್ಲಿ ಹೀಲಿಕ್ಸ್, ಈಗ ಕ್ವಾಡ್ ಕಾರ್ಟೆಕ್ಸ್, ಟೋನೆಕ್ಸ್. ನಿಂತ ನೀರಿನಂಥ ಒಂದು ರಿಫ್ಫಿನಲ್ಲಿ ಇವುಗಳ ಜಾತಕ ಸಿಗಲ್ಲ. ನಾಬ್ ತಿರುಗಿಸಬೇಕು!

ಹಳೆಯ ಮಾರ್ಷಲ್ ಪ್ಲೆಕ್ಸಿಯನ್ನೇ ತಗೊಳ್ಳಿ. ಅದರ ವಾಲ್ಯೂಮ್ ಪಾಟ್ ಮೇಲೆ ಒಂದು ಬ್ರೈಟ್ ಕೆಪಾಸಿಟರ್ ಇರುತ್ತದೆ. ವಾಲ್ಯೂಮ್ ಕಮ್ಮಿ ಇದ್ದಾಗ ಟ್ರೆಬಲ್ ಮಾತ್ರ ಅದರ ಮೂಲಕ ನುಸುಳಿ ಮುಂದೆ ಹೋಗುತ್ತದೆ. ಅದಕ್ಕೇ ಸೌಂಡು ತೆಳ್ಳಗೆ, ಚೂಪಾಗಿ ಇರುತ್ತದೆ. ವಾಲ್ಯೂಮ್ ಏರಿಸುತ್ತಾ ಹೋದ ಹಾಗೆ ಕೆಪಾಸಿಟರಿನ ಪ್ರಭಾವ ಕರಗುತ್ತದೆ, ಪೂರ್ತಿ ಏರಿಸಿದರೆ ಇಲ್ಲವೇ ಇಲ್ಲ. ಸರ್ಕ್ಯೂಟನ್ನೇ ಮಾಡೆಲ್ ಮಾಡಿದ ಬಾಕ್ಸಿನಲ್ಲಿ ನಾಬ್ ತಿರುಗಿಸಿದರೆ ಇದೂ ಜೊತೆಗೇ ಬದಲಾಗಬೇಕು. ಕ್ಯಾಪ್ಚರ್ ಅನ್ನೋದು ಸಾಮಾನ್ಯವಾಗಿ ಒಂದು ಸೆಟ್ಟಿಂಗಿನ ಅಚ್ಚು. ಅಲ್ಲಿ ಗೇನ್ ತಿರುಗಿಸಿದರೆ ಒಳಗೆ ಹೋಗುವ ಸಿಗ್ನಲ್ ಏರಿಳಿಯುತ್ತದೆಯೇ ಹೊರತು ಆ ಆಂಪಿನ ನಾಬ್ ತಿರುಗಲ್ಲ. ಆ ಒಂದು ಸೆಟ್ಟಿಂಗಿನಲ್ಲಿ ಮಾತ್ರ ಕ್ಯಾಪ್ಚರ್ ಅದ್ಭುತ, ಅದನ್ನು ಮನಸಾರೆ ಒಪ್ಪುತ್ತೇನೆ. ಇಷ್ಟು ದೊಡ್ಡ ವ್ಯತ್ಯಾಸ ಕಣ್ಣ ಮುಂದೆ ಇದ್ದರೂ ಇಡೀ ವಿಡಿಯೋದಲ್ಲಿ ಒಂದು ನಾಬನ್ನೂ ಮುಟ್ಟಲಿಲ್ಲ. ಗಿಟಾರಿನ ವಾಲ್ಯೂಮನ್ನೂ ಇಳಿಸಲಿಲ್ಲ. ಗಿಟಾರ್ ವಾಲ್ಯೂಮ್ 10ರಿಂದ 4ಕ್ಕೆ ತಂದಾಗ ಸೌಂಡು ಹೇಗೆ ತಿಳಿಯಾಗುತ್ತದೆ, ಪಿಕ್ ಮೆಲ್ಲಗೆ ತಾಗಿಸಿದರೆ ಎಷ್ಟು ಬಾಗುತ್ತದೆ, ಅಲ್ಲಿ ತಾನೇ ಆಂಪಿನ ಜೀವ ಇರೋದು?

ಇನ್ನೊಂದು ಪರೀಕ್ಷೆ ಇದೆ, ಯಾರು ಬೇಕಾದರೂ ಮಾಡಬಹುದು. ಗೇನ್ ಜಾಸ್ತಿ ಮಾಡಿ, ಹದಿನೈದನೇ ಫ್ರೆಟ್ಟಿಗಿಂತ ಮೇಲೆ ಒಂದು ಸ್ವರ ಹಿಡಿದು ಮೆಲ್ಲಗೆ ಬೆಂಡ್ ಮಾಡಿ. ಸ್ವರ ಮೇಲೆ ಹೋಗುತ್ತಿರುವಾಗ ಅದರ ಹಿಂದೆ ಸಣ್ಣಗೆ ಏನೋ ಕೆಳಗೆ ಇಳಿಯುವುದು ಕೇಳಿಸಿದರೆ, ಅದು ಏಲಿಯಾಸಿಂಗ್. 48 ಕಿಲೋಹರ್ಟ್ಸ್‌ನಲ್ಲಿ ಓಡುವ ಬಾಕ್ಸಿಗೆ 24 ಕಿಲೋಹರ್ಟ್ಸ್‌ಗಿಂತ ಮೇಲಿನ ಹಾರ್ಮೋನಿಕ್ಸ್ ಹಿಡಿಯಲು ಆಗಲ್ಲ. ಅವು ಮಡಚಿಕೊಂಡು ಕೆಳಗೆ ಬೀಳುತ್ತವೆ, ಸ್ವರಕ್ಕೆ ಸಂಬಂಧವೇ ಇಲ್ಲದ ಜಾಗಕ್ಕೆ. ಓವರ್‌ಸ್ಯಾಂಪ್ಲಿಂಗ್ (ಒಳಗೆ ಇನ್ನೂ ಹೆಚ್ಚಿನ ವೇಗದಲ್ಲಿ ಲೆಕ್ಕ ಹಾಕುವುದು) ಚೆನ್ನಾಗಿ ಮಾಡಿದವರಲ್ಲಿ ಇದು ಅಷ್ಟಾಗಿ ಕೇಳಿಸಲ್ಲ. ಇದು ಮಾಡೆಲರಿನದ್ದೇ ಗುಣ, ಯಾವ ಐಆರ್ ಹಾಕಿದರೂ ಪೂರ್ತಿ ಮುಚ್ಚಿಹೋಗಲ್ಲ. ಇದನ್ನು ಹೋಲಿಸಿ, ನಾನು ಕೂತು ನೋಡುತ್ತೇನೆ.

ಲೇಟೆನ್ಸಿ, ಅಂದರೆ ನುಡಿಸಿದ ಮೇಲೆ ಸದ್ದು ಕೇಳಲು ಆಗುವ ತಡ, ಅದರ ಗಲಾಟೆಗೆ ಜಾಸ್ತಿ ಬೆಲೆ ಕೊಡಲ್ಲ. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಆಂಪಿನಿಂದ ಎರಡು ಮೀಟರ್ ದೂರ ನಿಂತರೆ ಹೆಚ್ಚುಕಮ್ಮಿ ಆರು ಮಿಲಿಸೆಕೆಂಡು ಆಯಿತು. ಮುಂದೆ ಹೋಗೋಣ.

'ಕೊಳ್ಳುವವನು ಬಾಕ್ಸ್ ತೆರೆದ ತಕ್ಷಣ ಕೇಳೋದು ಅದರ ಜೊತೆ ಬಂದ ಸೌಂಡನ್ನೇ ಅಲ್ವಾ, ಅದನ್ನು ಹೋಲಿಸಿದರೆ ತಪ್ಪೇನು' ಅಂತ ಕೆಲವರು ಕೇಳುತ್ತಾರೆ. ಸರಿ, ಹಾಗಿದ್ದರೆ 'ಪ್ರಿಸೆಟ್ ಹೋಲಿಕೆ' ಅಂತ ಹೆಸರಿಡಿ, ನನ್ನ ತಕರಾರಿಲ್ಲ. ಪ್ರಿಸೆಟ್ ಅನ್ನೋದು ಕಂಪನಿಯಲ್ಲಿ ಕೂತ ಯಾರದೋ ರುಚಿ, ಅವರ ಗಿಟಾರು, ಅವರ ಸ್ಪೀಕರು. ಅದನ್ನು ಎರಡು ನಿಮಿಷದಲ್ಲಿ ಬದಲಿಸಬಹುದು. ಎರಡು ನಿಮಿಷದಲ್ಲಿ ಬದಲಾಗುವ ವಿಷಯ ನೋಡಿ ವರ್ಷಗಟ್ಟಲೆ ಬಳಸುವ ವಸ್ತು ಆರಿಸಿ ಅನ್ನೋದು ಯಾವ ಸಲಹೆ?

'ಏನೇ ಮಾಡಿ, ನಿಜವಾದ ಆಂಪಿನ ಮುಂದೆ ಇವೆಲ್ಲ ಸುಮ್ನೆ' ಅನ್ನುವವರೂ ಇದ್ದಾರೆ. ನಿಜ ಹೇಳುತ್ತೇನೆ, ಬೆನ್ನ ಹಿಂದೆ ನಾಲ್ಕು ಸ್ಪೀಕರಿನ ಕ್ಯಾಬಿನೆಟ್ ಗಾಳಿ ತಳ್ಳಿ, ಪ್ಯಾಂಟಿನ ಅಂಚು ಅದುರುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಮಾಡೆಲರ್ ಹಾಕಿದಾಗ ಮಾನಿಟರ್ ಸ್ಪೀಕರಿನಿಂದ ಬರುವುದು ಮೈಕಿನಲ್ಲಿ ಹಿಡಿದ ಆಂಪಿನ ಸದ್ದು. ಅದನ್ನು ಕೋಣೆಯಲ್ಲಿ ಇಟ್ಟ ಆಂಪಿಗೆ ಹೋಲಿಸಿದರೆ ಮತ್ತೆ ಅದೇ ಕಥೆ, ಸ್ಪೀಕರು ಬೇರೆ, ಕೇಳುವ ಜಾಗ ಬೇರೆ. ಮಾಡೆಲರಿನ ಕ್ಯಾಬಿನೆಟ್ ಬ್ಲಾಕ್ ಆಫ್ ಮಾಡಿ, ಒಳ್ಳೆ ಪವರ್ ಆಂಪ್ ಮೂಲಕ ಅದೇ ಕ್ಯಾಬಿನೆಟ್ಟಿಗೆ ಹಾಕಿ ಆಮೇಲೆ ಮಾತಾಡಿ.

ಇಷ್ಟು ಸಿಟ್ಟು ಯಾಕೆ ಅಂದರೆ, ಇದನ್ನು ನಂಬಿ ಹುಡುಗರು ಹಾಳಾಗುತ್ತಾರೆ. ಇವತ್ತೇ ಒಬ್ಬ ಹುಡುಗ ಅದೇ ವಿಡಿಯೋ ಕಳಿಸಿ ಕೇಳಿದ, 'ಅಣ್ಣಾ, ನನ್ನದು ಮಾರಿ ಗೆದ್ದದ್ದನ್ನು ತಗೊಂಡುಬಿಡಲಾ? ನನ್ನದು ತುಂಬಾ ಚುಚ್ಚುತ್ತೆ.' ನಿನ್ನ ಕ್ಯಾಬಿನೆಟ್ ಪೇಜಿನ ಫೋಟೋ ಹಾಕು ಅಂದೆ. ಮೈಕು ಸರಿಯಾಗಿ ನಟ್ಟನಡುವೆ, ಹೈ ಕಟ್ (ಮೇಲಿನ ಟ್ರೆಬಲ್ ಕತ್ತರಿಸುವ ಫಿಲ್ಟರ್) ಆಫ್. ಮೈಕನ್ನು ಅಂಚಿನ ಕಡೆ ಸ್ವಲ್ಪ ಸರಿಸು, ಹೈ ಕಟ್ 7 ಕಿಲೋಹರ್ಟ್ಸ್‌ಗೆ ಇಡು, ಕೇಳಿ ಹೇಳು ಅಂದೆ. ಹತ್ತು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. ಮಾತೇ ಇಲ್ಲ, ಬರೀ ರಿಫ್ಫು. ಅವನ ಬಾಕ್ಸು ಅವನ ಹತ್ತಿರವೇ ಇದೆ.

ಯಾರಿಗಾದರೂ ಸರಿಯಾಗಿ ಹೋಲಿಸುವ ಮನಸ್ಸಿದ್ದರೆ ನನ್ನ ಡಿಐ ರೆಕಾರ್ಡಿಂಗ್ (ಆಂಪ್ ಇಲ್ಲದೆ ನೇರವಾಗಿ ಹಿಡಿದ ಗಿಟಾರ್ ಸದ್ದು) ಕೊಡುತ್ತೇನೆ, ಜೊತೆಗೆ ಒಂದು ಐಆರ್ ಫೈಲ್ ಕೂಡ. ಡಿಐನಲ್ಲಿ ಗಿಟಾರ್ ವಾಲ್ಯೂಮ್ ಇಳಿಸಿ ನುಡಿಸಿದ ಭಾಗವೂ ಇದೆ, ಮೇಲಿನ ಫ್ರೆಟ್ಟಿನ ಬೆಂಡ್ ಕೂಡ ಇದೆ. ನಿಮ್ಮ ನಿಮ್ಮ ಬಾಕ್ಸಿನಲ್ಲಿ ಓಡಿಸಿ, ಲೌಡ್‌ನೆಸ್ ಮೀಟರ್ ನೋಡಿ ಸಮ ಮಾಡಿ ಕಳಿಸಿ. ಬಾಕ್ಸಿನ ಹೆಸರು ಫೈಲಿನ ಮೇಲೆ ಬರೆಯಬೇಡಿ, ನನಗೆ ಮಾತ್ರ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಎ, ಬಿ, ಸಿ ಅಂತ ಹೆಸರಿಟ್ಟು ಎಲ್ಲವನ್ನೂ ಇಲ್ಲೇ ಹಾಕುತ್ತೇನೆ. ಎಲ್ಲರೂ ಕೇಳಿ ತಮ್ಮ ಆಯ್ಕೆ ಬರೆದಾದ ಮೇಲೆ ಯಾವುದು ಯಾವ ಬಾಕ್ಸು ಅಂತ ಹೇಳುತ್ತೇನೆ.