ಸತ್ಯಾಂಶ: ಬೌದ್ಧ ಧ್ಯಾನಕ್ಕೆ ಮನಸ್ಸು ಖಾಲಿಯಾಗಬೇಕೇ?

‘ಬೌದ್ಧ ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು, ಅದು ಭಿಕ್ಷುಗಳಿಗೆ ಮಾತ್ರ ಸಾಧ್ಯ’ ಎಂಬ ಸಂದೇಶವು ‘ಕೊಡಗಿನ ಸ್ವರ್ಣಮಂದಿರ’ದ ಚಿತ್ರದೊಂದಿಗೆ ಹರಿದಾಡುತ್ತಿದೆ. 1963ರಲ್ಲಿ ಸ್ಥಾಪನೆಯಾದ ಆ ನಾಮ್‌ಡ್ರೋಲಿಂಗ್ ವಿಹಾರವು ಕುಶಾಲನಗರಕ್ಕೆ ಸಮೀಪವಿದ್ದರೂ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿದೆ. ಉಳಿದ ಎರಡು ಮಾತುಗಳೂ ಸರಿಯಲ್ಲ.

ಬುದ್ಧನ ಉಪದೇಶಗಳ ಪಾಲಿ ಭಾಷೆಯ ಸಂಗ್ರಹವಾದ ಮಜ್ಝಿಮ ನಿಕಾಯದ 10ನೆಯ ಸುತ್ತ (ಉಪದೇಶ) ಸತಿಪಟ್ಠಾನವು ದೇಹ, ವೇದನೆ (ಸುಖ, ದುಃಖ ಮುಂತಾದ ಅನುಭವ), ಚಿತ್ತ, ಧರ್ಮ (ಇಲ್ಲಿ, ಮನಸ್ಸಿಗೆ ತೋರುವ ವಿಷಯಗಳು) ಎಂಬ ನಾಲ್ಕನ್ನು ಎಚ್ಚರದಿಂದ ಗಮನಿಸಬೇಕೆನ್ನುತ್ತದೆ. ಉಸಿರಾಡುವಾಗಲಷ್ಟೇ ಅಲ್ಲ, ನಡೆಯುವಾಗ, ಉಣ್ಣುವಾಗ, ಬಟ್ಟೆ ತೊಡುವಾಗ, ಮಾತನಾಡುವಾಗ, ಶೌಚಕ್ಕೆ ಹೋದಾಗಲೂ ಆ ಎಚ್ಚರವಿರಬೇಕು. ಚಿತ್ತದಲ್ಲಿ ದ್ವೇಷವಿದ್ದರೆ ಅದನ್ನು ಅಳಿಸುವ ಬದಲು, ದ್ವೇಷವಿದೆಯೆಂದು ಅರಿಯುವುದೇ ಅಲ್ಲಿ ಹೇಳಿರುವ ಅಭ್ಯಾಸ.

ಈ ಉಪದೇಶ ಭಿಕ್ಷುಗಳನ್ನು ಉದ್ದೇಶಿಸಿದ್ದು ನಿಜ. ಆದರೆ ಅದೇ ನಿಕಾಯದ 51ನೆಯ ಸುತ್ತದಲ್ಲಿ ಪೆಸ್ಸನೆಂಬ ಗೃಹಸ್ಥನು, ಬಿಳಿ ಬಟ್ಟೆಯ ಸಂಸಾರಿಗಳಾದ ತಾವೂ ಆಗಾಗ ಈ ನಾಲ್ಕರಲ್ಲಿ ಮನಸ್ಸು ನೆಲೆಗೊಳಿಸುವುದಾಗಿ ಬುದ್ಧನಿಗೆ ತಿಳಿಸುತ್ತಾನೆ. ಅವನು ಮಾವುತನ ಮಗನೆಂಬುದು ದುಬಾರೆಯ ಆನೆಗಳನ್ನು ಬಲ್ಲ ನಮಗೆ ವಿಶೇಷವಾಗಿ ಆಪ್ತವಾಗಬೇಕು. ಹಾಗಾಗಿ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವವರು ಬೆರಳಿನ ಚಲನೆಯನ್ನೂ ಬೆನ್ನಿನ ನೋವನ್ನೂ, ನಡುವೆ ನುಗ್ಗುವ ಸಾಲದ ಚಿಂತೆಯನ್ನೂ ಬಂದಂತೆಯೇ ಗುರುತಿಸಿ, ಮತ್ತೆ ಕೈಕೆಲಸಕ್ಕೆ ಗಮನ ತಂದರೆ, ಅದೂ ಈ ಅಭ್ಯಾಸವೇ ಆಗುತ್ತದೆ.