ಆರು ವಾರದ ಸಂವತ್ಸರ

ಹೈಸ್ಕೂಲು ಮಕ್ಕಳ ಬೇಸಿಗೆ ರಜೆ ಇಷ್ಟು ವರ್ಷ ಖಾಲಿ ಬಿದ್ದಿದ್ದ ಜಾಗ. ಈಗ ಅದನ್ನೂ ಅಳೆದು ಸೈಟು ಮಾಡಿದ್ದಾರೆ. ‘ಉತ್ಸಾಹಿ ವಿದ್ಯಾರ್ಥಿಗಳಿಗೆ ವೇಗದ ಬೇಸಿಗೆ ಕೋರ್ಸ್, ಒಂದು ವರ್ಷದ ಪಾಠ ಆರೇ ವಾರದಲ್ಲಿ’ ಎಂದು ಕರಪತ್ರ ಬರುತ್ತದೆ. ಮನೆಯಲ್ಲಿ ಉತ್ಸಾಹ ಯಾರಿಗೆ ಎಂಬುದು ಅರ್ಜಿಯಲ್ಲೇ ಗೊತ್ತಾಗುತ್ತದೆ. ‘ನಾನೇಕೆ ಈ ಕೋರ್ಸ್ ಸೇರಬಯಸುತ್ತೇನೆ’ ಎಂಬ ಪ್ರಬಂಧವನ್ನು ಹದಿನಾಲ್ಕರ ಹುಡುಗ ‘ನನ್ನ ಸರ್ವತೋಮುಖ ಬೆಳವಣಿಗೆಯ ದೃಷ್ಟಿಯಿಂದ’ ಎಂದು ಶುರುಮಾಡಿದ್ದರೆ, ಬರೆದವರಿಗೆ ನಲವತ್ತು ದಾಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಮೊದಲು ಲೆಕ್ಕ. ಲೆಕ್ಕದಲ್ಲಿ ಇವರನ್ನು ಹಿಡಿಯುವವರಿಲ್ಲ. ಶಾಲೆ 180 ದಿನ, ದಿನಕ್ಕೆ 45 ನಿಮಿಷದ ಒಂದು ಪೀರಿಯಡ್. ಒಟ್ಟು 135 ಗಂಟೆ. ಬೇಸಿಗೆಯಲ್ಲಿ ಆರು ವಾರ, ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕೂವರೆ ಗಂಟೆ. ಅದೂ 135 ಗಂಟೆ. ತಕ್ಕಡಿ ಕೂದಲೆಳೆಯಷ್ಟೂ ವಾಲುವುದಿಲ್ಲ. ಕಲಿಕೆಯನ್ನು ಗಂಟೆಯಲ್ಲಿ ಅಳೆಯುವ ಈ ಪದ್ಧತಿಗೆ ದೊಡ್ಡ ಮನೆತನವೂ ಇದೆ. ಅಮೆರಿಕದಲ್ಲಿ 1906ರಲ್ಲಿ ರೂಪುಗೊಂಡ ಕಾರ್ನೆಗಿ ಯೂನಿಟ್ ಪ್ರಕಾರ ಒಂದು ವಿಷಯಕ್ಕೆ ಮೇಷ್ಟ್ರ ಎದುರು 120 ಗಂಟೆ ಕೂತರೆ ಒಂದು ಯೂನಿಟ್. ಅದು ಜಾರಿಗೆ ಬಂದದ್ದು ಪ್ರೊಫೆಸರುಗಳ ಪಿಂಚಣಿ ಯೋಜನೆಯ ಬೆನ್ನಿಗೆ, ಮಕ್ಕಳಿಗೆ ಎಷ್ಟು ಹೊತ್ತಿಗೆ ಪಾಠ ತಲೆಗೆ ಹತ್ತುತ್ತದೆ ಎಂದು ನೋಡಿ ಅಲ್ಲ. ಇರಲಿ. ಆ ಪ್ರಕಾರ ಬೇಸಿಗೆಯವರು 15 ಗಂಟೆ ಕೊಸರನ್ನೂ ಕೊಡುತ್ತಿದ್ದಾರೆ.

ಈ ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಂಡದ್ದು ಹೋಂವರ್ಕ್. ವರ್ಷವಿಡೀ ದಿನಕ್ಕೆ ಅರ್ಧ ಗಂಟೆ ಕೂತು ಲೆಕ್ಕ ಬಿಡಿಸುವ ಹುಡುಗಿ ಒಟ್ಟು 90 ಗಂಟೆ ಕೂತಿರುತ್ತಾಳೆ. ಅದನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 3 ಗಂಟೆ. ತರಗತಿಯದನ್ನು ಸೇರಿಸಿದರೆ ಏಳೂವರೆ, ಅದೂ ಒಂದೇ ವಿಷಯಕ್ಕೆ. ಕರಪತ್ರದಲ್ಲಿ ಈ ಮೂರು ಗಂಟೆಗೆ ‘ಮಧ್ಯಾಹ್ನ ಪೂರ್ತಿ ಬಿಡುವು’ ಎಂದು ಹೆಸರು. ಆ ಬಿಡುವಿಗೆ ಕೆಮಿಸ್ಟ್ರಿಯನ್ನೂ ಸೇರಿಸಿಕೊಂಡರೆ ಶುಲ್ಕದಲ್ಲಿ ರಿಯಾಯಿತಿ.

ಇಲ್ಲಿಯ ಒಂದು ದಿನ ಶಾಲೆಯ ಆರು ದಿನಕ್ಕೆ ಸಮ. ಎರಡು ದಿನ ಜ್ವರ ಬಂದರೆ ಹನ್ನೆರಡು ಪಾಠ ಹೋಯಿತು. ಆದ್ದರಿಂದ ಉತ್ಸಾಹಿ ವಿದ್ಯಾರ್ಥಿಗೆ ಜ್ವರ ಬರಕೂಡದು. ಶುಕ್ರವಾರ ಬರೆದ ಟೆಸ್ಟಿನ ಪೇಪರು ಮುಂದಿನ ಶುಕ್ರವಾರ ಕೈಗೆ ಬರುವಷ್ಟರಲ್ಲಿ ಸಿಲಬಸ್ಸಿನ ಇನ್ನೊಂದು ಆರನೇ ಭಾಗ ದಾಟಿಹೋಗಿರುತ್ತದೆ. ಎಲ್ಲಿ ತಪ್ಪಿದೆ ಎಂದು ಗೊತ್ತಾಗುವ ಹೊತ್ತಿಗೆ ಅದೇ ತಪ್ಪಿನ ಮೇಲೆ ಮೂರು ಅಧ್ಯಾಯ ಎದ್ದು ನಿಂತಿರುತ್ತವೆ.

ಹೇಗೆ ಎಂದು ಬೇಕಾದರೆ ಕ್ಯಾಲ್ಕುಲಸ್ ಕೋರ್ಸಿನ ನಾಲ್ಕನೇ ದಿನ ಹುಡುಗನ ಹಿಂದೆ ನಿಂತು ನೋಡಿ. ಎಕ್ಸ್ ವರ್ಗದಿಂದ 3ಎಕ್ಸ್ ಕಳೆದ ಫಂಕ್ಷನ್ನಿಗೆ ಮೂಲ ವ್ಯಾಖ್ಯೆಯಿಂದಲೇ ಡೆರಿವೇಟಿವ್, ಅಂದರೆ ಬದಲಾವಣೆಯ ದರ, ತೆಗೆಯಬೇಕು. ಎಕ್ಸ್ ಇದ್ದಲ್ಲೆಲ್ಲ ಎಕ್ಸ್ + ಎಚ್ ಹಾಕಬೇಕು, ಅದರಿಂದ ಮೂಲ ಫಂಕ್ಷನ್ ಕಳೆಯಬೇಕು, ಎಚ್‌ನಿಂದ ಭಾಗಿಸಿ ಎಚ್ ಅನ್ನು ಸೊನ್ನೆಯತ್ತ ಒಯ್ಯಬೇಕು. 2ಎಕ್ಸ್ − 3 ಬರುತ್ತದೆ. ಹುಡುಗನಿಗೆ ಲಿಮಿಟ್, ಅಂದರೆ ಎಚ್ ಸೊನ್ನೆಯತ್ತ ಹೋದಂತೆ ಉತ್ತರ ಎತ್ತ ಹೋಗುತ್ತದೆ ಎಂಬುದು, ಅರ್ಥವಾಗಿದೆ, ಸೂತ್ರವೂ ಸರಿಯಾಗಿ ಬರೆದಿದ್ದಾನೆ. ಕಳೆಯುವಾಗ ಮಾತ್ರ ಕಂಸ ಹಾಕಲಿಲ್ಲ. ಕಂಸ ಇದ್ದಿದ್ದರೆ −3ಎಕ್ಸ್ ಮತ್ತು +3ಎಕ್ಸ್ ಹೊಡೆದುಹೋಗುತ್ತಿದ್ದವು. ಈಗ ಎರಡೂ ಮೈನಸ್ಸಾಗಿ −6ಎಕ್ಸ್ ಎಂದು ಕೂತಿವೆ. ಎಚ್‌ನಿಂದ ಭಾಗಿಸಿದಾಗ ಮಿಕ್ಕ ಪದಗಳೆಲ್ಲ ಸಲೀಸಾಗಿ ಬಿಡಿಸಿಕೊಳ್ಳುತ್ತವೆ. ಇದರ ಕೆಳಗೆ ಮಾತ್ರ ಎಚ್ ಅಂಟಿಕೊಂಡೇ ಇರುತ್ತದೆ. ಎಚ್ ಸೊನ್ನೆಗೆ ಹತ್ತಿರವಾದಷ್ಟೂ ಉತ್ತರ ಕೈಮೀರಿ ಬೆಳೆಯುತ್ತದೆ. ಹುಡುಗ ‘ಲಿಮಿಟ್ ಇಲ್ಲ’ ಎಂದು ಬರೆದು ಅಡಿಗೆ ಎರಡು ಗೆರೆ ಎಳೆಯುತ್ತಾನೆ. ತಪ್ಪು ಎಂಟನೇ ಕ್ಲಾಸಿನದು, ಮೇಷ್ಟ್ರು ಕ್ಯಾಲ್ಕುಲಸ್ಸಿನವರು. ಅವರಿಗೆ ಅವತ್ತೇ ಇನ್ನೂ ಐದು ಪಾಠ ಮುಗಿಸುವುದಿದೆ. ‘ಸೈನ್ ನೋಡ್ಕೊಳ್ಳಪ್ಪಾ’ ಎಂದು ಮುಂದಿನ ಬೆಂಚಿಗೆ ಹೋಗುತ್ತಾರೆ.

ಇನ್ನು ಮರೆವು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತರು ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ತಮ್ಮ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಹೆಚ್ಚು ಪಾಲು ಮೊದಮೊದಲೇ ಸೋರಿಹೋಗುತ್ತದೆ, ಆಮೇಲೆ ಸೋರಿಕೆ ನಿಧಾನವಾಗುತ್ತದೆ. ಒಂದೇ ಸಲ ಗಟ್ಟಿಹಾಕುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಓದಿದರೆ ಕಡಿಮೆ ಶ್ರಮಕ್ಕೆ ಹೆಚ್ಚು ಉಳಿಯುತ್ತದೆ ಎಂಬುದು ಅವರು ಕಂಡದ್ದು. ಆರು ವಾರದ ಕೋರ್ಸಿನಲ್ಲಿ ಹಂಚಲು ದಿನವೆಲ್ಲಿ? ಅದಕ್ಕೇ ಕೊನೆಯ ಪರೀಕ್ಷೆಯನ್ನು ಕೊನೆಯ ದಿನ ಬೆಳಿಗ್ಗೆಯೇ ಇಟ್ಟು, ಸಂಜೆಗೆ ಸರ್ಟಿಫಿಕೇಟು ಕೊಟ್ಟುಬಿಡುತ್ತಾರೆ. ಎಬಿಂಗ್‌ಹೌಸರನ್ನು ಅವರೂ ಓದಿಕೊಂಡಿದ್ದಾರೆ.

ವಿಜ್ಞಾನದ ಕೋರ್ಸುಗಳಿಗೆ ಬೇರೆ ತಾಪತ್ರಯ. ಮಕ್ಕಳಿಗೆ ಬೈದು ಬುದ್ಧಿ ಹೇಳಬಹುದು, ಹುರುಳಿಕಾಳಿಗೆ ಹೇಳಲಾಗುವುದಿಲ್ಲ. ಮೊಳಕೆ ಬಂದು ಎಲೆ ಬಿಡಲು ಅದು ತನ್ನ ದಿನ ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಮೈಲುತುತ್ತದ ದ್ರಾವಣವನ್ನು ಅಲುಗಾಡಿಸದೆ ದಿನಗಟ್ಟಲೆ ಇಟ್ಟರೆ ಮಾತ್ರ ದಾರಕ್ಕೆ ಕಟ್ಟಿದ ಹರಳು ದೊಡ್ಡದಾಗುತ್ತದೆ. ಅವಸರಕ್ಕೆ ಬಿದ್ದು ಐಸಿನಲ್ಲಿ ಇಟ್ಟರೆ ತಳದಲ್ಲಿ ಸಕ್ಕರೆಯಂಥ ಪುಡಿ ಕೂರುತ್ತದೆ. ಹಾಗಾಗಿ ಪ್ರಯೋಗದ ದಿನ ವಿಡಿಯೊ ಹಾಕುತ್ತಾರೆ, ಅದನ್ನೂ ದುಪ್ಪಟ್ಟು ವೇಗದಲ್ಲಿ.

ಹಾಗಂತ ವೇಗದ ಕಲಿಕೆ ಎಂಬುದೇ ಬೂಟಾಟಿಕೆಯಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಗಣಿತದಲ್ಲಿ ಅಸಾಧಾರಣ ಪ್ರತಿಭೆಯಿರುವ ಮಕ್ಕಳ ಅಧ್ಯಯನ ಶುರುಮಾಡಿದಾಗ ಮಾಡಿದ ಮೊದಲ ಕೆಲಸ ಕಷ್ಟದ ಪರೀಕ್ಷೆ ಕೊಟ್ಟದ್ದು. ಕಾಲೇಜು ಸೇರುವ ವಯಸ್ಸಿನವರಿಗೆ ಮಾಡಿದ ಎಸ್‌ಎಟಿ ಗಣಿತವನ್ನು ಹನ್ನೆರಡು ಹದಿಮೂರರ ಮಕ್ಕಳ ಮುಂದಿಟ್ಟರು. ಕ್ಲಾಸಿನ ಪರೀಕ್ಷೆಯಲ್ಲಿ ಎಲ್ಲರೂ ನೂರಕ್ಕೆ ನೂರು ತೆಗೆಯುವ ಗುಂಪಿನಲ್ಲಿ ಯಾರು ಎಲ್ಲಿದ್ದಾರೆ ಎಂದು ಆಗ ಕಂಡಿತು. ಆಮೇಲೆ ಅವರು ಬಳಸಿದ ಕ್ರಮ ಹೀಗಿತ್ತು: ಪಾಠಕ್ಕೆ ಮೊದಲೇ ಆ ವಿಷಯದ ಪರೀಕ್ಷೆ ಕೊಡುವುದು, ತಪ್ಪಿದ ಪ್ರಶ್ನೆಗಳನ್ನು ಹೆಕ್ಕುವುದು, ಅಷ್ಟನ್ನೇ ಕಲಿಸುವುದು, ಅದೇ ಮಟ್ಟದ ಇನ್ನೊಂದು ಪರೀಕ್ಷೆ ಕೊಟ್ಟು ನೋಡುವುದು. ಅಲ್ಲಿ ವೇಗ ಬಂದದ್ದು ಓಡಿದ್ದರಿಂದಲ್ಲ, ಗೊತ್ತಿರುವುದನ್ನು ಬಿಟ್ಟದ್ದರಿಂದ. ಗೊತ್ತಿದ್ದದ್ದು ಕಡಿಮೆಯಾದರೆ ಬಿಡುವುದೂ ಕಡಿಮೆ, ವೇಗವೂ ಕಡಿಮೆ.

ನಮ್ಮ ಕರಪತ್ರದವರು ಈ ಕ್ರಮದಿಂದ ಪರೀಕ್ಷೆಯೊಂದನ್ನು ಕೈಬಿಟ್ಟು ಮಿಕ್ಕಿದ್ದನ್ನು ಉಳಿಸಿಕೊಂಡಿದ್ದಾರೆ. ಪ್ರವೇಶ ಪರೀಕ್ಷೆ ಇಲ್ಲವೆಂದಲ್ಲ, ಇದೆ. ಇಪ್ಪತ್ತು ಪ್ರಶ್ನೆ, ನಾಲ್ಕು ಆಯ್ಕೆ, ಫಲಿತಾಂಶ ಮರುದಿನ: ‘ಅಭಿನಂದನೆಗಳು, ನಿಮ್ಮ ಮಗುವಿನಲ್ಲಿ ಅಪರೂಪದ ಸಾಮರ್ಥ್ಯವಿದೆ’. ಅರ್ಜಿ ಹಾಕಿದವರೆಲ್ಲರ ಮನೆಗೂ ಇದೇ ಅಪರೂಪ ಬರುತ್ತದೆ. ಆಮೇಲೆ ಕಂಸ ಬಿಡಿಸಲು ಬಾರದವನಿಗೂ, ಮೂರು ವರ್ಷದ ಹಿಂದೆಯೇ ಕಲಿತು ಆಕಳಿಸುವವಳಿಗೂ ಒಂದೇ ಪಾಠ, ಮೊದಲ ಪುಟದಿಂದ, ಒಂದೇ ಓಟದಲ್ಲಿ.

ಶಾಲೆ ಬಾಗಿಲು ತೆರೆದ ಮೇಲೆ ಕಥೆ ಇನ್ನೂ ರಂಗೇರುತ್ತದೆ. ಸರ್ಟಿಫಿಕೇಟಿನಲ್ಲಿ ‘ಭಾಗವಹಿಸಿದ್ದಾರೆ’ ಎಂದಿರುತ್ತದೆ. ಶಾಲೆ ಲೆಕ್ಕಕ್ಕೆ ಹಿಡಿಯುವ ಕ್ರೆಡಿಟ್ ಎಂಬ ಮಾತು ಎಲ್ಲೂ ಇರುವುದಿಲ್ಲ. ಶಾಲೆಯವರು ಅದನ್ನು ನೋಡಿ ಸಂತೋಷಪಟ್ಟು, ಫೈಲಿಗೆ ಸೇರಿಸಿ, ಮಗುವನ್ನು ಅದೇ ತರಗತಿಯಲ್ಲಿ ಕೂರಿಸುತ್ತಾರೆ. ದುಡ್ಡು ಕಟ್ಟುವ ಮೊದಲೇ ‘ಈ ಕೋರ್ಸ್ ಮುಗಿಸಿದರೆ ಮುಂದಿನದಕ್ಕೆ ಬಿಡುತ್ತೀರಾ? ಗ್ರೇಡು ದಾಖಲೆಗೆ ಬರುತ್ತದಾ? ನೀವು ಬೇರೆ ಪರೀಕ್ಷೆ ಇಡುತ್ತೀರಾ?’ ಎಂದು ಶಾಲೆಯನ್ನು ಕೇಳಿ ಬರವಣಿಗೆಯಲ್ಲಿ ಪಡೆಯಬೇಕಿತ್ತು. ಉತ್ಸಾಹದಲ್ಲಿ ಯಾರಿಗೆ ನೆನಪಾಗುತ್ತದೆ? ಆತುರಗಾರನಿಗೆ ಬುದ್ಧಿ ಮಟ್ಟ. ಎರಡು ತಿಂಗಳು ಮಗು ‘ಇದೆಲ್ಲ ನನಗೆ ಗೊತ್ತು’ ಎಂದು ಕಿಟಕಿ ನೋಡುತ್ತಾ ಕೂರುತ್ತದೆ. ಮೂರನೇ ತಿಂಗಳು ಗೊತ್ತಿಲ್ಲ ಎಂದು ಗೊತ್ತಾಗುತ್ತದೆ.

ಅದಕ್ಕೂ ಪರಿಹಾರ ಸಿದ್ಧವಿದೆ. ಬೇಸಿಗೆ ಕೋರ್ಸಿನ ವೇಗ ತಡೆಯಲಾಗದವರಿಗೆ ಅದಕ್ಕೂ ಮುಂಚೆ ಮೂರು ವಾರದ ಪೂರ್ವಸಿದ್ಧತಾ ಕೋರ್ಸ್. ಶಾಲೆ ಇನ್ನೂ ಮುಗಿದಿರುವುದಿಲ್ಲವಾದ್ದರಿಂದ ಅದು ಸಂಜೆ ಆರರ ಮೇಲೆ ನಡೆಯುತ್ತದೆ, ವಾರ್ಷಿಕ ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ.

ಶುಲ್ಕ ವಾಪಸಿನ ನಿಯಮವನ್ನು ಮಾತ್ರ ಬಲು ಬುದ್ಧಿವಂತರೊಬ್ಬರು ಬರೆದಿದ್ದಾರೆ. ತರಗತಿ ಶುರುವಾದ ಎರಡನೇ ದಿನದ ಸಂಜೆಯವರೆಗೆ ಕೇಳಿದರೆ ಪೂರ್ತಿ ಹಣ ವಾಪಸು. ಆ ಎರಡು ದಿನ ಹಿಂದಿನ ವರ್ಷದ ಪುನರಾವರ್ತನೆ. ಮಗು ನಗುನಗುತ್ತಾ ಮನೆಗೆ ಬಂದು ‘ತುಂಬಾ ಸುಲಭ ಅಪ್ಪಾ’ ಎನ್ನುತ್ತದೆ. ಲಿಮಿಟ್ ಶುರುವಾಗುವುದು ಮೂರನೇ ದಿನ ಬೆಳಿಗ್ಗೆ.